ದುರ್ಗಸೀಮೆಯ ವಿದ್ಯಾಸಂಚಯವೂ ಮೇಘಗಣನವೂ

೧. ವಿಷಯಪ್ರವೇಶ

ವಿದ್ಯೆಯ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಗುರುಪರಂಪರೆಯನ್ನೂ ಗ್ರಂಥಗಳ ಕಾಲವನ್ನೂ ವಿಚಾರಿಸುವರು. ಆ ವಿದ್ಯೆಯನ್ನು ಎಲ್ಲಿ ಕೂಡಿಟ್ಟಿದ್ದರು, ದೂರದಲ್ಲಿದ್ದವನಿಗೆ ಅದು ಯಾವ ದಾರಿಯಿಂದ ಮುಟ್ಟುತ್ತಿದ್ದಿತು, ಕೂಡಿಟ್ಟುದು ಕೆಟ್ಟರೆ ಮರಳಿ ಪಡೆಯುವ ಉಪಾಯವೇನಿದ್ದಿತು ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ವಿರಳ. ಗ್ರಂಥವು ಎಷ್ಟೇ ಶ್ರೇಷ್ಠವಾಗಿರಲಿ, ಓದತಕ್ಕವನ ಕೈಗೆ ಅದು ಬಾರದಿದ್ದರೆ ಅವನ ಪಾಲಿಗೆ ಇಲ್ಲದಂತೆಯೇ ಸರಿ. ಆದಕಾರಣ ಈ ಮೂರು ಪ್ರಶ್ನೆಗಳು ಚರಿತ್ರಕಾರನು ಉಪೇಕ್ಷಿಸತಕ್ಕವುಗಳಲ್ಲ.

ಇತ್ತೀಚೆಗೆ ಶಾಲೆ ಕಾಲೇಜುಗಳ ವ್ಯವಹಾರದಲ್ಲಿ ‘ಕ್ಲೌಡ್ ಕಂಪ್ಯೂಟಿಂಗ್’ ಎಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಒಂದು ವಿದ್ಯಾಲಯವು ತನ್ನ ಕಟ್ಟಡದಲ್ಲಿಯೇ ದೊಡ್ಡ ಗಣಕಯಂತ್ರಗಳನ್ನು ಕೊಂಡು ಇಟ್ಟುಕೊಳ್ಳುವುದಕ್ಕೆ ಬದಲಾಗಿ, ದೂರದ ಡೇಟಾ ಸೆಂಟರುಗಳಲ್ಲಿ ಸಾವಿರಾರು ಯಂತ್ರಗಳನ್ನು ಒಟ್ಟಿಗೆ ನಡೆಸುತ್ತಿರುವವರಿಂದ, ಬೇಕಾದಾಗ ಬೇಕಾದಷ್ಟು ಸಂಗ್ರಹಸ್ಥಳವನ್ನೂ ಗಣನಶಕ್ತಿಯನ್ನೂ ಇಂಟರ್‌ನೆಟ್ಟಿನ ಮೂಲಕ ಪಡೆದು, ಬಳಸಿದಷ್ಟಕ್ಕೆ ಮಾತ್ರ ಹಣ ತೆರುವುದು ಇದರ ಸ್ವರೂಪ. ಜಾಲದ ನಕ್ಷೆಯನ್ನು ಬರೆಯುವ ಯಂತ್ರಶಾಸ್ತ್ರಜ್ಞರು ಒಳಗಣ ವಿವರವನ್ನು ತೋರಿಸಬೇಕಾಗಿಲ್ಲದ ಕಡೆ ಮೋಡದ ಚಿತ್ರವನ್ನು ಬರೆಯುವ ರೂಢಿಯಿದ್ದುದರಿಂದ ಈ ಹೆಸರು ಬಂದಿತು. ಭಾರತ ಸರ್ಕಾರವು ತನ್ನ ಕಾರ್ಯಗಳಿಗಾಗಿ ೨೦೧೪ನೆಯ ಇಸವಿಯಲ್ಲಿ ಆರಂಭಿಸಿದ ಇಂತಹ ವ್ಯವಸ್ಥೆಗೆ ‘ಮೇಘರಾಜ’ ಎಂದೇ ನಾಮಕರಣ ಮಾಡಿರುತ್ತದೆ. ಇದನ್ನನುಸರಿಸಿ ಈ ಲೇಖನದಲ್ಲಿಯೂ ‘ಮೇಘಗಣನ’ವೆಂಬ ಪದವನ್ನು ಬಳಸಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇದರಿಂದ ಉಂಟಾಗುವ ಪ್ರಯೋಜನವೇನು, ಅದರ ಮಿತಿಯೆಷ್ಟು ಎಂಬುದನ್ನು ಇದೇ ಸೀಮೆಯ ಪೂರ್ವಚರಿತ್ರೆಯ ಬೆಳಕಿನಲ್ಲಿ ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಸೀಮೆಯು ಮಳೆ ಕಡಮೆಯಾದ ನಾಡು. ಇಲ್ಲಿಯ ಜನರು ನೀರಿನ ವಿಷಯದಲ್ಲಿ ಕೆರೆ, ತೂಬು, ಕಾಲುವೆಗಳ ಮರ್ಮವನ್ನು ಬಹುಕಾಲದಿಂದ ಬಲ್ಲರು. ವಿದ್ಯೆಯ ವಿಷಯದಲ್ಲಿಯೂ ಮರ್ಮವು ಅದೇ ಎಂಬುದು ಮುಂದಿನ ವಿಚಾರದಿಂದ ತಿಳಿದುಬರುವುದು.

೨. ಬ್ರಹ್ಮಗಿರಿಯ ಶಾಸನಗಳು: ಪ್ರತಿಗಳ ಮಹತ್ತ್ವ

ಈ ಜಿಲ್ಲೆಯಲ್ಲಿ ದೊರೆತಿರುವ ಲಿಖಿತ ಆಧಾರಗಳಲ್ಲಿ ಅತ್ಯಂತ ಪ್ರಾಚೀನವಾದುವು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿರುವ ಅಶೋಕನ ಶಾಸನಗಳು. ಕ್ರಿ. ಪೂ. ಮೂರನೆಯ ಶತಮಾನಕ್ಕೆ ಸೇರಿದ ಇವುಗಳನ್ನು ಬಿ. ಎಲ್. ರೈಸ್ ಅವರು ೧೮೯೨ನೆಯ ಇಸವಿಯಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕ್ಷೇಮಸಮಾಚಾರ ಕೇಳಿ ಕಳುಹಿಸಿದ ಆಜ್ಞೆಯ ರೂಪದಲ್ಲಿ ಬ್ರಹ್ಮಗಿರಿಯ ಶಾಸನವು ಪ್ರಾರಂಭವಾಗುತ್ತದೆ. ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳನ್ನು ವಿಧಿಸಿದ ತರುವಾಯ, ಅಂತೇವಾಸಿಯು ಆಚಾರ್ಯನನ್ನು ಗೌರವಿಸತಕ್ಕುದೆಂದೂ, ಇದು ಪುರಾತನವಾದ ನಡವಳಿಕೆಯೆಂದೂ ಅದರಲ್ಲಿ ಹೇಳಿದೆ. ಗುರುಶಿಷ್ಯರ ಧರ್ಮವನ್ನು ಕುರಿತು ನಮ್ಮ ಸೀಮೆಯಲ್ಲಿ ಉಳಿದುಬಂದಿರುವ ಮೊದಲನೆಯ ಬರೆಹವು ಇದೇ ಆಗಿರುತ್ತದೆ. ಕೊನೆಯಲ್ಲಿ ಬರೆದವನ ಹೆಸರು ಚಪಡನೆಂದಿದ್ದು, ‘ಲಿಪಿಕರ’ನೆಂಬ ಅವನ ಉದ್ಯೋಗನಾಮವು ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೆತ್ತಲ್ಪಟ್ಟಿದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಒಂದೇ ಪಾಠವನ್ನು ಒಂದಕ್ಕೊಂದು ಸಮೀಪವಾದ ಮೂರು ಕಡೆ ಬರೆಯಿಸಿರುವುದು. ಇವುಗಳಲ್ಲಿ ಜಟಿಂಗ ರಾಮೇಶ್ವರದ ಪ್ರತಿಯು ಬಹಳ ಸವೆದುಹೋಗಿದ್ದು, ಉಳಿದ ಪ್ರತಿಗಳ ನೆರವಿಲ್ಲದೆ ಅದನ್ನು ಓದುವುದು ಅಸಾಧ್ಯವಾಗಿರುತ್ತದೆ. ಬಂಡೆಯೆಂಬ ಅತ್ಯಂತ ದೃಢವಾದ ಪದಾರ್ಥದ ಮೇಲೆ ಬರೆದುದೂ ಅಳಿಯುವುದುಂಟು. ಬೇರೊಂದು ಕಡೆ ಪ್ರತಿಯಿದ್ದರೆ ಮಾತ್ರ ಪಾಠವು ಉಳಿಯುವುದು. ಎರಡನೆಯದು, ಬರೆದಿಟ್ಟ ಮಾತ್ರಕ್ಕೆ ಕೆಲಸವು ಮುಗಿಯಿತೆಂದು ಅಂದಿನವರು ಭಾವಿಸಲಿಲ್ಲ. ಇದೇ ವರ್ಗಕ್ಕೆ ಸೇರಿದ, ಆಂಧ್ರದೇಶದ ಎರ್ರಗುಡಿಯ ಶಾಸನದಲ್ಲಿ ಕರಣಿಕರೂ ಬ್ರಾಹ್ಮಣರೂ ಮೊದಲಾದವರು ತಮ್ಮ ತಮ್ಮ ಅಂತೇವಾಸಿಗಳಿಗೆ ಇದನ್ನು ಕಲಿಸತಕ್ಕುದೆಂದು ಆಜ್ಞಾಪಿಸಿದೆ. ಬಂಡೆಯು ಸಂಚಯ, ಆಚಾರ್ಯನು ಕಾಲುವೆ.

೩. ಕಂಚಿಯ ಘಟಿಕೆ: ಚಲಿಸದ ಸಂಚಯ

ಚಿತ್ರದುರ್ಗದ ಬೆಟ್ಟದ ತಪ್ಪಲಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವೊಂದಿದ್ದು, ಅದು ತಟಾಕನಿರ್ಮಾಣಕ್ಕೆ ಸಂಬಂಧಿಸಿದುದಾಗಿದೆ. ಇದೇ ಮಯೂರಶರ್ಮನು ವಿದ್ಯಾರ್ಥಿಯಾಗಿದ್ದ ಕಾಲದ ವೃತ್ತಾಂತವು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಿಂದ ತಿಳಿದುಬರುತ್ತದೆ. ಅವನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿಯ ಘಟಿಕೆಯಲ್ಲಿ ಅಧ್ಯಯನಕ್ಕೆ ಸೇರಿದನೆಂದೂ, ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಕುಪಿತನಾಗಿ ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದನೆಂದೂ ಅದರಲ್ಲಿ ವರ್ಣಿಸಿದೆ. ಕದಂಬರಾಜ್ಯದ ಉದಯವನ್ನು ವಿವರಿಸುವುದಕ್ಕಾಗಿ ಚರಿತ್ರಕಾರರು ಈ ಪ್ರಸಂಗವನ್ನು ಉದಾಹರಿಸುವರು. ವಿದ್ಯಾಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇದರಿಂದ ಬೇರೊಂದು ಸಂಗತಿಯೂ ಹೊರಪಡುತ್ತದೆ. ನಾಲ್ಕನೆಯ ಶತಮಾನದಲ್ಲಿ ಕನ್ನಡ ನಾಡಿನ ವಿದ್ಯಾರ್ಥಿಯು ಉನ್ನತ ವಿದ್ಯೆಯನ್ನು ಪಡೆಯಬೇಕಾದರೆ ದೇಹವನ್ನು ಹೊತ್ತು ದೂರದೇಶಕ್ಕೆ ಹೋಗಬೇಕಾಗಿದ್ದಿತು. ಅಲ್ಲಿಯ ಪ್ರಭುಗಳ ಮರ್ಜಿಗೆ ಒಳಗಾಗಬೇಕಾಗಿದ್ದಿತು. ಒಂದು ಜಗಳದಿಂದ ಅಧ್ಯಯನವು ನಿಂತುಹೋಯಿತು.

ಸಂಚಯವು ಚಲಿಸದಿರುವ ಈ ಅನಾನುಕೂಲವು ಪ್ರಾಚೀನಕಾಲಕ್ಕೆ ಮಾತ್ರ ಸೇರಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯ ಭೂಮಾಪನವನ್ನು ನಡೆಸಿದ ಕರ್ನಲ್ ಮೆಕೆಂಜಿಯವರು ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿ ಸಂಗ್ರಹಿಸಿದರು. ಅವರ ಸಂಗ್ರಹವು ಈಗ ಚೆನ್ನೈಯಲ್ಲಿಯೂ ಲಂಡನ್ನಿನಲ್ಲಿಯೂ ಹಂಚಿಹೋಗಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಪಾಳೆಯಗಾರರ ಚರಿತ್ರೆಗೆ ಸಂಬಂಧಪಟ್ಟ ಓಲೆ, ಕಡತ, ಶಾಸನಗಳನ್ನು ಬಹು ಶ್ರಮದಿಂದ ಸಂಗ್ರಹಿಸಿ ಶೋಧಿಸಿದರು; ತ. ರಾ. ಸುಬ್ಬರಾಯರ ಐತಿಹಾಸಿಕ ಕಾದಂಬರಿಗಳಿಗೆ ಆ ಶೋಧನೆಯಿಂದ ಆದ ಉಪಕಾರವು ಪ್ರಸಿದ್ಧವಾಗಿದೆ. ಆದರೆ ಇಂತಹ ಸಂಗ್ರಹವು ಒಂದು ಊರಿನ ಒಂದು ಮನೆಯಲ್ಲಿದ್ದಾಗ, ಅಲ್ಲಿಗೆ ಹೋಗಿ ಬಾಗಿಲು ತಟ್ಟಬಲ್ಲವನಿಗೆ ಮಾತ್ರ ಅದು ಲಭ್ಯ. ಹೊಸದುರ್ಗದ ಕಾಲೇಜಿನಲ್ಲಿ ಓದುವ ಹುಡುಗನು ತನ್ನ ಊರಿನ ಕೈಫಿಯತ್ತನ್ನು ನೋಡಲು ಚೆನ್ನೈಗೆ ಹೋಗಬೇಕಾದರೆ, ಮಯೂರಶರ್ಮನ ಕಾಲಕ್ಕೂ ಅವನ ಕಾಲಕ್ಕೂ ಭೇದವೇನು?

೪. ಮಾರಿಕಣಿವೆ: ಸಂಚಯ, ತೂಬು, ಪ್ರಮಾಣ

ವಿದ್ಯೆಯಲ್ಲಿ ಕಾಣದ ಪರಿಹಾರವನ್ನು ಈ ಸೀಮೆಯವರು ನೀರಿನಲ್ಲಿ ಕಂಡುಕೊಂಡಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡವು ತುಂಬಿ ಹರಿದ ನೀರು ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೂ ಇಳಿಯುವಂತೆ ಏರ್ಪಡಿಸಿದ್ದರು. ಒಂದೇ ಮಳೆಯ ನೀರು ಹಲವು ಕಡೆಗಳಲ್ಲಿ ನಿಂತು, ಬಳಸತಕ್ಕವನ ಸಮೀಪಕ್ಕೆ ಬರುತ್ತಿದ್ದಿತು.

ಇದಕ್ಕಿಂತ ದೊಡ್ಡ ಪ್ರಮಾಣದ ಉದಾಹರಣೆಯು ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ಹೊಸದುರ್ಗದ ಸೀಮೆಯನ್ನು ದಾಟಿಬರುವ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು ೧೮೯೮ರಲ್ಲಿ ಆರಂಭಿಸಿ ೧೯೦೭ರಲ್ಲಿ ಪೂರೈಸಿದ ಈ ಜಲಾಶಯಕ್ಕೆ ಮಹಾರಾಣಿಯವರ ಗೌರವಾರ್ಥವಾಗಿ ವಾಣೀವಿಲಾಸಸಾಗರವೆಂಬ ಹೆಸರಾಯಿತು. ಇದರ ಪೂರ್ಣಮಟ್ಟವು ೧೩೦ ಅಡಿ; ಸುಮಾರು ೩೦ ಟಿ. ಎಂ. ಸಿ. ನೀರನ್ನು ಇದು ಹಿಡಿಯಬಲ್ಲುದು. ೧೯೩೩ನೆಯ ಇಸವಿಯಲ್ಲಿ ಕೋಡಿ ಬಿದ್ದ ಈ ಜಲಾಶಯವು ಮರಳಿ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವಣ ೮೯ ವರ್ಷಗಳಲ್ಲಿ ಅದು ಒಮ್ಮೆಯೂ ತುಂಬಲಿಲ್ಲ. ಇದರಿಂದ ಕಟ್ಟಿದವರಿಗೆ ದೋಷವಿಲ್ಲ. ಮಹಾಪ್ರವಾಹವನ್ನು ಹಿಡಿಯಬೇಕಾದವನು ಮಹಾಪ್ರವಾಹಕ್ಕೆ ತಕ್ಕಂತೆಯೇ ಕಟ್ಟಬೇಕು. ಆದರೆ ಇಷ್ಟು ದೊಡ್ಡ ಕಟ್ಟೆಯನ್ನು ಒಂದೊಂದು ಗ್ರಾಮವೂ ತನಗಾಗಿ ಕಟ್ಟಿಕೊಳ್ಳಲಾರದು. ಅನೇಕ ಗ್ರಾಮಗಳ ಅಗತ್ಯವನ್ನು ಒಂದುಗೂಡಿಸಿ ಒಂದೆಡೆ ಸಂಗ್ರಹಿಸಿ, ಕಾಲುವೆಗಳಿಂದ ಅಳತೆಗೆ ತಕ್ಕಂತೆ ಹಂಚುವುದೊಂದೇ ಅದಕ್ಕೆ ದಾರಿ. ಮೇಘಗಣನದ ತತ್ತ್ವವೂ ಇದೇ ಎಂಬುದನ್ನು ಮುಂದೆ ತೋರಿಸುವೆವು.

೫. ಮೇಘಗಣನದ ಉತ್ಪತ್ತಿಯೂ ಲಕ್ಷಣವೂ

ಗಣಕಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ಪದ್ಧತಿಯ ಬೆಳವಣಿಗೆಗೆ ವಿದ್ಯಾಲಯಗಳು ಬಹುಮಟ್ಟಿಗೆ ಕಾರಣವಾಗಿರುವುದು ಗಮನಾರ್ಹವಾಗಿದೆ. ೧೯೬೧ನೆಯ ಇಸವಿಯಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ಥಿಯವರು, ಟೆಲಿಫೋನು ಸಾರ್ವಜನಿಕ ಸೌಕರ್ಯವಾಗಿರುವಂತೆ ಗಣನವೂ ಒಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದೆಂದು ಸೂಚಿಸಿದರು. ೧೯೬೪ರ ಮೇ ತಿಂಗಳಲ್ಲಿ ಡಾರ್ಟ್‌ಮತ್ ಕಾಲೇಜಿನ ಗಣಿತಾಧ್ಯಾಪಕರಾದ ಕೆಮೆನಿ ಮತ್ತು ಕುರ್ಟ್ಸ್ ಎಂಬವರು, ಒಂದೇ ಯಂತ್ರವನ್ನು ಅನೇಕ ವಿದ್ಯಾರ್ಥಿಗಳು ಬೇರೆ ಬೇರೆ ಕಡೆಗಳಿಂದ ಏಕಕಾಲದಲ್ಲಿ ಬಳಸುವ ಏರ್ಪಾಟನ್ನು ನಡೆಗೆ ತಂದರು. ಇಂಟರ್‌ನೆಟ್ಟು ವಿಸ್ತರಿಸಿದ ತರುವಾಯ ೨೦೦೬ರಲ್ಲಿ ಅಮೆಜಾನ್ ಸಂಸ್ಥೆಯು ಸಂಗ್ರಹಸ್ಥಳವನ್ನೂ ಗಣನಶಕ್ತಿಯನ್ನೂ ಬಾಡಿಗೆಗೆ ಕೊಡಲಾರಂಭಿಸಿತು. ಗೂಗಲ್ ಸಂಸ್ಥೆಯು ಅದೇ ವರ್ಷ ವಿದ್ಯಾಲಯಗಳಿಗಾಗಿ ತನ್ನ ಸೇವೆಗಳನ್ನು ತೆರೆಯಿತು.

೨೦೧೧ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಇದರ ಲಕ್ಷಣವನ್ನು ಐದು ಅಂಶಗಳಲ್ಲಿ ನಿರೂಪಿಸಿತು. ಬೇಕಾದವನು ತಾನೇ ಬೇಕಾದಾಗ ಪಡೆಯುವುದು; ಜಾಲದ ಮೂಲಕ ಎಲ್ಲಿಂದಲಾದರೂ ಮುಟ್ಟುವುದು; ಸಾಧನಗಳನ್ನು ಒಟ್ಟುಗೂಡಿಸಿ ಹಲವರಿಗೆ ಹಂಚುವುದು; ಅಗತ್ಯಕ್ಕೆ ತಕ್ಕಂತೆ ಶೀಘ್ರವಾಗಿ ಹಿಗ್ಗುವುದು, ಕುಗ್ಗುವುದು; ಬಳಕೆಯನ್ನು ಅಳೆಯುವುದು.

ಶಬ್ದಶಾಸ್ತ್ರವನ್ನು ಬಲ್ಲವರಿಗೆ ಇದರಲ್ಲಿ ಹೊಸತೆನಿಸುವ ಭಾಗವು ಸ್ವಲ್ಪವೇ. ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಪಾಣಿನಿಯು ಒಂದು ಪದವನ್ನು ಒಂದು ಸೂತ್ರದಲ್ಲಿ ಒಮ್ಮೆ ಹೇಳಿ, ಮುಂದಿನ ಸೂತ್ರಗಳಿಗೆ ಅದನ್ನು ಅನುವೃತ್ತಿಯಿಂದ ಒದಗಿಸುವನು. ಒಂದೆಡೆಯಿಟ್ಟುದು ಅನೇಕ ಕಡೆ ಉಪಯೋಗಕ್ಕೆ ಬರುವುದರಿಂದ ಲಾಘವವು ಸಿದ್ಧಿಸುತ್ತದೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಈ ಅಷ್ಟಾಧ್ಯಾಯಿಯನ್ನೇ ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಗಣಕವಿದ್ಯೆಯೂ ಪ್ರಾಚೀನ ಶಾಸ್ತ್ರವೂ ಪರಸ್ಪರ ವಿರುದ್ಧವಲ್ಲವೆಂಬುದಕ್ಕೆ ಈ ಸೀಮೆಯಲ್ಲಿಯೇ ಇಂತಹ ನಿದರ್ಶನವಿರುವಾಗ ದೂರ ಹುಡುಕಬೇಕಾಗಿಲ್ಲ.

೬. ನಾಲ್ವರಿಗೆ ಆಗುವ ಪ್ರಯೋಜನ

(ಅ) ಶಾಲೆಗಳಿಗೆ. ಒಬ್ಬಿಬ್ಬರು ಅಧ್ಯಾಪಕರಿರುವ ಹಳ್ಳಿಯ ಶಾಲೆಯು ಯಂತ್ರವನ್ನು ಕೊಂಡರೂ ಅದನ್ನು ಕಾಪಾಡುವ ತಜ್ಞನನ್ನು ಇಟ್ಟುಕೊಳ್ಳಲಾರದು. ಯಂತ್ರವು ಕೆಟ್ಟ ದಿನ ಅದರಲ್ಲಿದ್ದ ದಾಖಲೆಗಳೂ ಕೆಟ್ಟಂತೆಯೇ. ಸಂಚಯವು ಬೇರೆಡೆ ಇದ್ದು, ಕಾಪಾಡುವ ಭಾರವನ್ನು ಅಲ್ಲಿಯವರೇ ಹೊತ್ತಾಗ ಶಾಲೆಗೆ ಉಳಿಯುವುದು ಬಳಸುವ ಕೆಲಸವೊಂದೇ. ೨೦೧೭ರ ಸೆಪ್ಟೆಂಬರ್ ೫ನೆಯ ತಾರೀಖು, ಅಧ್ಯಾಪಕರ ದಿನದಂದು, ಕೇಂದ್ರ ಸರ್ಕಾರವು ‘ದೀಕ್ಷಾ’ ಎಂಬ ವೇದಿಕೆಯನ್ನು ಆರಂಭಿಸಿತು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ಮೊಬೈಲ್ ಫೋನಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರ, ವಿವರಣೆ, ಅಭ್ಯಾಸಗಳು ಅದರಿಂದ ದೊರೆಯುತ್ತವೆ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿಯೂ ಈ ಕೋಡುಗಳು ಮುದ್ರಿತವಾಗಿರುತ್ತವೆ. ಅಚ್ಚಿನ ಪುಸ್ತಕವು ಹೀಗೆ ದೊಡ್ಡ ಸಂಚಯವೊಂದರ ತೂಬಾಗಿ ಪರಿಣಮಿಸಿದೆ. ಇದಲ್ಲದೆ, ಕೂಲಿಗಾಗಿ ಊರು ಬಿಟ್ಟು ಹೋಗುವ ಕುಟುಂಬದ ಮಗುವಿನ ದಾಖಲೆಯು ಶಾಲೆಯ ಬೀರುವಿನಲ್ಲಿ ಮಾತ್ರ ಉಳಿಯದೆ ರಾಜ್ಯದ ವಿದ್ಯಾರ್ಥಿ ಸಾಧನಾ ದಾಖಲೆಯ ವ್ಯವಸ್ಥೆಯಲ್ಲಿ ಸೇರಿರುವುದರಿಂದ, ಹಿರಿಯೂರಿನಲ್ಲಿ ಓದುತ್ತಿದ್ದ ಮಗುವು ಬೆಂಗಳೂರಿನ ಶಾಲೆಯನ್ನು ಸೇರಿದಾಗ ಹಿಂದಿನ ತರಗತಿಯ ವಿವರವು ಅದನ್ನು ಹಿಂಬಾಲಿಸಬಲ್ಲುದು.

(ಆ) ಕಾಲೇಜುಗಳಿಗೆ. ಪರೀಕ್ಷಾಫಲಿತಾಂಶದ ದಿನವೊಂದರಲ್ಲಿ ಸಾವಿರಾರು ಮಂದಿ ಒಂದೇ ಗಳಿಗೆಯಲ್ಲಿ ಜಾಲಕ್ಕೆ ಮುತ್ತುವರು. ಉಳಿದ ದಿನಗಳಲ್ಲಿ ಬಳಕೆ ಅತ್ಯಲ್ಪ. ಆ ಒಂದು ದಿನಕ್ಕೆ ತಕ್ಕ ಯಂತ್ರವನ್ನು ಕೊಂಡು ಇಟ್ಟುಕೊಳ್ಳುವುದು ೮೯ ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕಾಗಿ ಮನೆಮನೆಯಲ್ಲಿಯೂ ಕಟ್ಟೆಯನ್ನು ಕಟ್ಟಿದಂತೆ. ಹಿಗ್ಗಿ ಕುಗ್ಗುವ ಮೇಘದಲ್ಲಿ ಆ ದಿನದ ವೆಚ್ಚವು ಆ ದಿನಕ್ಕೆ ಮಾತ್ರ. ೨೦೦೯ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ಸೇರಿವೆ. ೨೦೨೧ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷೆ ಮೊದಲಾದ ಕಾರ್ಯಗಳಿಗೆ ಏಕೀಕೃತ ವ್ಯವಸ್ಥೆಯೊಂದು ಬಳಕೆಗೆ ಬಂದಿತು. ಪ್ರಯೋಗಶಾಲೆಯ ಉಪಕರಣಗಳು ಸಾಲದ ಕಾಲೇಜುಗಳಿಗೆ, ಐ. ಐ. ಟಿ.ಗಳೂ ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯವೂ ಸೇರಿ ನಡೆಸುವ ‘ವರ್ಚುಯಲ್ ಲ್ಯಾಬ್ಸ್’ ಎಂಬ ದೂರಪ್ರಯೋಗಾಲಯವು ಲಭ್ಯವಿದೆ. ಖರಗಪುರದ ಐ. ಐ. ಟಿ.ಯವರು ರೂಪಿಸಿ ೨೦೧೮ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ಹೊಳಲ್ಕೆರೆಯ ಕಾಲೇಜಿಗೂ ಮುಂಬಯಿಯ ಕಾಲೇಜಿಗೂ ಒಂದೇ ಬಾಗಿಲನ್ನು ತೆರೆದಿದೆ.

(ಇ) ಅಧ್ಯಾಪಕರಿಗೆ. ಓಲೆಯ ಗ್ರಂಥಗಳ ಕಾಲದಲ್ಲಿ ಒಂದು ಲೇಖಕದೋಷವು ನುಸುಳಿದರೆ ಪ್ರತಿಯಿಂದ ಪ್ರತಿಗೆ ಹಬ್ಬಿ, ಶುದ್ಧಪಾಠವನ್ನು ಹುಡುಕುವುದೇ ಪಂಡಿತರ ಜೀವಮಾನದ ಕೆಲಸವಾಗುತ್ತಿದ್ದಿತು. ಒಂದೆಡೆಯಿರುವ ಪಾಠವನ್ನು ಅಧ್ಯಾಪಕನು ಇಂದು ತಿದ್ದಿದರೆ ಅದನ್ನು ತೆರೆಯುವ ಎಲ್ಲ ವಿದ್ಯಾರ್ಥಿಗಳಿಗೂ ತಿದ್ದಿದ ಪಾಠವೇ ದೊರೆಯುತ್ತದೆ. ನಾಲ್ಕು ತಾಲ್ಲೂಕುಗಳ ಕನ್ನಡ ಅಧ್ಯಾಪಕರು ಒಂದೇ ಟಿಪ್ಪಣಿಯ ಮೇಲೆ ಕೂಡಿ ಕೆಲಸ ಮಾಡಬಹುದು. ಯಾರು ಯಾವಾಗ ಏನನ್ನು ಬದಲಾಯಿಸಿದರೆಂಬುದು ಉಳಿಯುವುದರಿಂದ ಪಾಠಾಂತರವನ್ನು ನಿರ್ಣಯಿಸುವುದಕ್ಕೂ ಅನುಕೂಲ. ಚಳ್ಳಕೆರೆಯ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸುವ ಪ್ರತಿಭಾವಿಕಾಸ ಕೇಂದ್ರವು ವಿಜ್ಞಾನದ ಅಧ್ಯಾಪಕರಿಗೆ ತರಬೇತನ್ನು ಕೊಡುತ್ತದೆ. ಅಲ್ಲಿ ಕೈಯಾರೆ ಮಾಡಿ ಕಲಿತುದನ್ನು ಊರಿಗೆ ಮರಳಿದ ಮೇಲೂ ಪರಸ್ಪರ ಹಂಚಿಕೊಳ್ಳುವುದಕ್ಕೆ ಇಂತಹ ಸಂಚಯವು ಸಾಧನವಾಗುವುದು.

(ಈ) ವಿದ್ಯಾರ್ಥಿಗಳಿಗೆ. ಗಣನದ ಭಾರವು ದೂರದ ಯಂತ್ರದ ಮೇಲೆ ಬೀಳುವುದರಿಂದ ಕೈಯಲ್ಲಿರುವ ಉಪಕರಣವು ಅಗ್ಗದ್ದಾದರೂ ನಡೆಯುತ್ತದೆ. ಬಡವರ ಮನೆಯ ಹುಡುಗಿಗೆ ಇದು ಸಣ್ಣ ಉಪಕಾರವಲ್ಲ. ಅಂಕಪಟ್ಟಿಯು ಮಳೆಗೆ ನೆನೆದು, ಗೆದ್ದಲು ಹಿಡಿದು ಹಾಳಾದರೆ ಅದರ ಪ್ರತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿದ್ದ ಕಷ್ಟವು, ೨೦೧೫ರಲ್ಲಿ ಆರಂಭವಾದ ಡಿಜಿಲಾಕರಿನಿಂದ ಬಹುಮಟ್ಟಿಗೆ ನಿವಾರಣೆಯಾಗಿದೆ. ಚರಿತ್ರೆಯ ವಿದ್ಯಾರ್ಥಿಗಂತೂ ಲಾಭವು ಪ್ರತ್ಯಕ್ಷ. ರೈಸ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಹಿಂದೆ ಅದು ದೊಡ್ಡ ಗ್ರಂಥಾಲಯಗಳಲ್ಲಿ ಮಾತ್ರ ಕಾಣಸಿಗುತ್ತಿದ್ದಿತು. ಈಗ ಅದರ ಚಿತ್ರಪ್ರತಿಯನ್ನು ಇಂಟರ್‌ನೆಟ್ ಆರ್ಕೈವಿನಲ್ಲಿ ಯಾರು ಬೇಕಾದರೂ ತೆರೆಯಬಹುದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಹುಡುಗನು ತನ್ನೂರ ಬಸದಿಯ ಮುಂದೆ ನಿಂತು, ಎದುರಿನ ಕಲ್ಲನ್ನೂ ಕೈಯಲ್ಲಿರುವ ಅಚ್ಚಿನ ಪಾಠವನ್ನೂ ಹೋಲಿಸಿ ನೋಡುವುದು ಮೊದಲು ಸಾಧ್ಯವಿರಲಿಲ್ಲ.

೭. ಪೂರ್ವಪಕ್ಷವೂ ಸಮಾಧಾನವೂ

ಇಷ್ಟು ಪ್ರಯೋಜನವನ್ನು ಹೇಳಿದ ಮೇಲೆ ಆಕ್ಷೇಪಗಳನ್ನು ಮರೆಮಾಡುವುದು ಶಾಸ್ತ್ರಮರ್ಯಾದೆಯಲ್ಲ. ಅವು ಮುಖ್ಯವಾಗಿ ಮೂರು.

ಮೊದಲನೆಯ ಆಕ್ಷೇಪ: ಕಾಲುವೆಯಿಲ್ಲದ ಊರಿಗೆ ಜಲಾಶಯದಿಂದ ಫಲವೇನು? ಇದು ನಿಜ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಾಗ, ಫೋನೂ ಜಾಲವೂ ಇದ್ದ ಮಕ್ಕಳು ಪಾಠವನ್ನು ಕೇಳಿದರು, ಇಲ್ಲದವರು ಕೇಳಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ‘ವಿದ್ಯಾಗಮ’ವೆಂಬ ಕ್ರಮವನ್ನು ಏರ್ಪಡಿಸಿ, ಅಧ್ಯಾಪಕರೇ ಮಕ್ಕಳಿರುವಲ್ಲಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳುವಂತೆ ಮಾಡಬೇಕಾಯಿತು. ಕೋಟೆಯ ಹೊಂಡಗಳು ಇದಕ್ಕೆ ಪರಿಹಾರವನ್ನು ಸೂಚಿಸುತ್ತವೆ. ಮೇಲಿನ ಸಂಚಯದಿಂದ ಹರಿದುಬಂದುದನ್ನು ಹಿಡಿದಿಡುವ ಸಣ್ಣ ಹೊಂಡವೊಂದು ಪ್ರತಿಯೊಂದು ಶಾಲೆಯಲ್ಲಿಯೂ ಇರತಕ್ಕುದು. ದೀಕ್ಷಾ ವೇದಿಕೆಯ ಪಾಠಗಳನ್ನು ಜಾಲವಿರುವಲ್ಲಿ ಇಳಿಸಿಕೊಂಡು ಜಾಲವಿಲ್ಲದಲ್ಲಿಯೂ ನೋಡಬಹುದಾಗಿದೆ. ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ಅಧ್ಯಾಪಕನು ವಾರಕ್ಕೊಮ್ಮೆ ಹೀಗೆ ತುಂಬಿಕೊಂಡು ತಂದರೂ ಸಾಕು.

ಎರಡನೆಯ ಆಕ್ಷೇಪ: ಎಲ್ಲವನ್ನೂ ಒಂದೆಡೆಯಿಟ್ಟರೆ ಒಂದೇ ಬಿರುಕಿನಿಂದ ಎಲ್ಲವೂ ಸೋರುವುದಲ್ಲವೇ? ಇದಕ್ಕೂ ನಿದರ್ಶನವುಂಟು. ಅದೇ ದೀಕ್ಷಾ ವೇದಿಕೆಗೆ ಸಂಬಂಧಿಸಿದ ಸರ್ವರೊಂದು ರಕ್ಷಣೆಯಿಲ್ಲದೆ ತೆರೆದಿದ್ದುದರಿಂದ ಹತ್ತು ಲಕ್ಷಕ್ಕೆ ಮೇಲ್ಪಟ್ಟ ಅಧ್ಯಾಪಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳು ಬಯಲಾಗಿದ್ದುವೆಂಬ ಸಂಗತಿಯು ೨೦೨೩ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ಹದಿನೆಂಟು ವರ್ಷ ತುಂಬದ ಮಕ್ಕಳ ವಿವರವನ್ನು ಬಳಸುವುದಕ್ಕೆ ತಂದೆತಾಯಿಗಳ ಒಪ್ಪಿಗೆಯನ್ನು ವಿಧಿಸಿದೆ. ಪಾಠವು ಎಲ್ಲರದು, ಹಂಚಿದಷ್ಟೂ ಒಳ್ಳೆಯದು. ಮಗುವಿನ ಹೆಸರು, ಊರು, ಜಾತಿ, ಅಂಕಗಳು ಹಾಗಲ್ಲ. ಈ ಎರಡನ್ನೂ ಒಂದೇ ತೂಬಿನಿಂದ ಹರಿಸಲಾಗದೆಂಬ ವಿವೇಕವು ವಿದ್ಯಾಲಯಗಳನ್ನು ನಡೆಸತಕ್ಕವರಿಗೆ ಇರಬೇಕು.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗುರುತರವಾದುದು: ತೂಬಿನ ಕೀಲಿ ಯಾರ ಕೈಯಲ್ಲಿದೆ? ಗೂಗಲ್ ಸಂಸ್ಥೆಯು ವಿದ್ಯಾಲಯಗಳಿಗೆ ಮಿತಿಯಿಲ್ಲದ ಸಂಗ್ರಹಸ್ಥಳವನ್ನು ಕೊಡುತ್ತಿದ್ದುದನ್ನು ನಿಲ್ಲಿಸುವುದಾಗಿ ೨೦೨೧ರಲ್ಲಿ ಪ್ರಕಟಿಸಿ, ೨೦೨೨ರಿಂದ ಒಂದೊಂದು ಸಂಸ್ಥೆಗೂ ಒಟ್ಟು ೧೦೦ ಟೆರಾಬೈಟುಗಳ ಮಿತಿಯನ್ನು ಗೊತ್ತುಮಾಡಿತು. ಇದು ಅನ್ಯಾಯವೆಂದು ನಾವು ಹೇಳುವುದಿಲ್ಲ. ಕೊಡತಕ್ಕವನು ನಿಬಂಧನೆಯನ್ನು ಬದಲಾಯಿಸಬಲ್ಲನೆಂಬುದಷ್ಟೇ ಇಲ್ಲಿ ಗ್ರಾಹ್ಯವಾದ ಅಂಶ. ಕಂಚಿಯ ಘಟಿಕೆಯಲ್ಲಿ ಮಯೂರಶರ್ಮನಿಗೆ ಒದಗಿದ ಸ್ಥಿತಿಯು ಬೇರೊಂದು ವೇಷದಿಂದ ಮರಳಿ ಬರಬಹುದು. ಮೇಘವೆಂಬುದು ಹೆಸರಿಗೆ ಮಾತ್ರ ಆಕಾಶದಲ್ಲಿರುವುದು. ಯಂತ್ರಗಳು ನೆಲದ ಮೇಲೆಯೇ ಇವೆ, ಬೆಂಕಿಗೂ ಈಡಾಗುತ್ತವೆ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರು ಸುಟ್ಟುಹೋದಾಗ, ಬೇರೆಡೆ ಪ್ರತಿಯನ್ನಿಟ್ಟಿದ್ದವರು ಕಾರ್ಯವನ್ನು ಮುಂದುವರಿಸಿದರು. ಇಡದವರಲ್ಲಿ ಅನೇಕರು ಸರ್ವವನ್ನೂ ಕಳೆದುಕೊಂಡರು. ಜಟಿಂಗ ರಾಮೇಶ್ವರದ ಬಂಡೆಯು ಕಲಿಸುವ ಪಾಠವು ಅಲ್ಲಿಯೂ ಅನ್ವಯವಾಯಿತು.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ದುರ್ಗಸೀಮೆಯ ವಿದ್ಯಾಚರಿತ್ರೆಯಲ್ಲಿ ಬಹುಕಾಲದ ಕೊರತೆಯು ವಿದ್ಯೆಯ ಅಭಾವವಲ್ಲ, ಅದು ದೂರದಲ್ಲಿದ್ದುದು. ಆ ದೂರವನ್ನು ಅಲ್ಪವೆಚ್ಚದಲ್ಲಿ ನೀಗುವ ಸಾಮರ್ಥ್ಯವು ಮೇಘಗಣನಕ್ಕುಂಟು. ಸಣ್ಣ ಊರಿನ ಶಾಲೆ ಕಾಲೇಜುಗಳಿಗೆ ಇಷ್ಟು ಅನುಕೂಲವಾದ ಸಾಧನವು ಹಿಂದೆ ಒದಗಿರಲಿಲ್ಲ. ಆದರೆ ಸಂಚಯದೊಡನೆ ಪ್ರತಿಯೂ ತೂಬೂ ಸುಸ್ಥಿತಿಯಲ್ಲಿದ್ದರೆ ಮಾತ್ರ ಆ ಅನುಕೂಲವು ನಿಲ್ಲುವುದು.

ಅಧ್ಯಾಪಕನ ಸ್ಥಾನವು ಇದರಿಂದ ಕುಗ್ಗುವುದೆಂಬ ಶಂಕೆಗೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯೇ ಉತ್ತರ. ಅಲ್ಲಿ ೧೯೪೩ರಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿದ ರಾಘವೇಂದ್ರ ಸ್ವಾಮಿಗಳು ಯಾವ ಮಹಾಸಂಚಯವನ್ನೂ ಹೊಂದಿರಲಿಲ್ಲ. ಸನ್ನಿಧಿಯಿಂದಲೂ ಸೇವೆಯಿಂದಲೂ ಒಂದು ಹಳ್ಳಿಯನ್ನು ವಿದ್ಯಾಕೇಂದ್ರವನ್ನಾಗಿ ಮಾಡಿದರು. ಮೇಘದಿಂದ ಇಳಿದುಬಂದ ಪಾಠವನ್ನು ಮಗುವಿನ ಬುದ್ಧಿಗೆ ಹಾಯಿಸತಕ್ಕವನು ಇಂದಿಗೂ ಆಚಾರ್ಯನೇ.

ಕಡೆಯದಾಗಿ ಒಂದು ಸೂಚನೆಯನ್ನು ವಿದ್ವಜ್ಜನರ ಮುಂದಿಡುತ್ತೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜುಗಳು ಒಂದುಗೂಡಿ, ತಮ್ಮ ತಮ್ಮ ತಾಲ್ಲೂಕಿನ ಶಾಸನಗಳ, ಕೈಫಿಯತ್ತುಗಳ, ಮನೆಮನೆಗಳಲ್ಲಿ ಉಳಿದಿರುವ ಓಲೆ ಕಡತಗಳ ಚಿತ್ರಪ್ರತಿಗಳನ್ನು ಮಾಡಿಸಿ ಒಂದು ಸಮಾನ ಸಂಚಯದಲ್ಲಿ ಸೇರಿಸತಕ್ಕುದು. ಅದರ ಒಂದು ಪ್ರತಿಯು ಸರ್ಕಾರದ ಮೇಘದಲ್ಲಿಯೂ, ಇನ್ನೊಂದು ಬೇರೆ ಸಂಸ್ಥೆಯೊಂದರ ಸಂಚಯದಲ್ಲಿಯೂ, ಮೂರನೆಯದು ಚಿತ್ರದುರ್ಗದಲ್ಲಿಯೇ ಕಾಲೇಜಿನ ಬೀರುವಿನಲ್ಲಿ ಬೀಗದೊಳಗೂ ಇರಲಿ. ಮೊದಲ ವರ್ಷ ಒಂದೊಂದು ಕಾಲೇಜು ನೂರು ಪುಟಗಳನ್ನು ಸೇರಿಸಿದರೂ ಕೆಲಸವು ಪ್ರಾರಂಭವಾದಂತೆಯೇ. ಗೆದ್ದಲು ನಮ್ಮ ನಿರ್ಣಯಕ್ಕಾಗಿ ಕಾಯುತ್ತಿರುವುದಿಲ್ಲವಾದುದರಿಂದ, ಈ ಕಾರ್ಯವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಕೈಕೊಳ್ಳುವುದು ಯುಕ್ತ.